ದಂಡು ಪ್ರದೇಶದ ಗೆಳೆತನ, ರಾಜಕೀಯದ ಬಿರುಕು

ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಳೆಯ ಗೆಳೆತನಗಳು ಒಂದೇ ಜಾತಿ, ಒಂದೇ ಭಾಷೆಯೊಳಗೆ ನಿಂತಿರುವುದು ಅಪರೂಪ. ಒಂದೇ ವಠಾರದ ನಲ್ಲಿ, ಒಂದೇ ಶಾಲೆಯ ಬೆಂಚು, ಒಂದೇ ಕಾರ್ಖಾನೆಯ ಪಾಳಿ ಅವನ್ನು ಕಟ್ಟಿವೆ. ಶಿವಾಜಿನಗರದ ಒಂದು ಮನೆಯಲ್ಲಿ ದಖ್ಖನಿ ಉರ್ದು, ಪಕ್ಕದಲ್ಲಿ ತಮಿಳು, ಎದುರಿಗೆ ಕನ್ನಡ. ಮೂರು ಮನೆಯ ಮಕ್ಕಳೂ ಬೀದಿಯಲ್ಲಿ ಮೂರನ್ನೂ ಕಲಸಿ ಮಾತಾಡುತ್ತಲೇ ದೊಡ್ಡವರಾಗುತ್ತಾರೆ. ಹೀಗೆ ಬೆಳೆದ ಸ್ನೇಹಕ್ಕೆ ರಾಜಕೀಯದ ಏಟು ಬಿದ್ದರೆ ಏನಾಗುತ್ತದೆ ಎಂದು ತಿಳಿಯಲು ಕರ್ನಾಟಕದಲ್ಲಿ ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಕಾವೇರಿ, ಭಾಷೆ, ಧರ್ಮ, ಪಕ್ಷ ಎಲ್ಲವೂ ಇಲ್ಲಿ ಒಂದಲ್ಲ ಒಂದು ಸಲ ಗೆಳೆಯರ ನಡುವೆ ಬಂದು ನಿಂತಿವೆ.

ಈ ಬೆರಕೆಗೆ ಚರಿತ್ರೆಯೇ ಕಾರಣ. 1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಆಸುಪಾಸಿನಲ್ಲಿ ಬೀಡುಬಿಟ್ಟ ಮೇಲೆ ಮದ್ರಾಸ್ ಪ್ರಾಂತ್ಯದಿಂದ ಸಿಪಾಯಿಗಳು, ಗುತ್ತಿಗೆದಾರರು, ವ್ಯಾಪಾರಿಗಳು, ಮನೆಗೆಲಸದವರು ಬಂದು ನೆಲೆಸಿದರು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗಲೂ ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿಯಿತು. ಪೇಟೆ, ದಂಡು ಎರಡೂ ಕಬ್ಬನ್ ಪಾರ್ಕಿನ ಆಚೀಚಿನ ಬೇರೆ ಬೇರೆ ಊರುಗಳಂತಿದ್ದವು. ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದದ್ದು 1949ರಲ್ಲಿ. ಆಡಳಿತ ಒಂದಾದರೂ ಊರಿನವರು ಯಾರು, ಹೊರಗಿನಿಂದ ಬಂದವರು ಯಾರು ಎಂಬ ಪ್ರಶ್ನೆ ಆರಲಿಲ್ಲ. ನೆಮ್ಮದಿಯ ದಿನಗಳಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. ಗಲಾಟೆ ಶುರುವಾದ ದಿನ ಮೊದಲು ತಲೆಯೆತ್ತುವುದು ಅದೇ.

1991ರಲ್ಲಿ ಆದದ್ದು ಇದೇ. ಕಾವೇರಿ ನ್ಯಾಯಮಂಡಳಿ ಆ ವರ್ಷ ಜೂನ್ 25ರಂದು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡುವಂತೆ ಮಧ್ಯಂತರ ಆದೇಶ ಕೊಟ್ಟಿತು. ಅದನ್ನು ತಡೆಯಲು ಮುಖ್ಯಮಂತ್ರಿ ಬಂಗಾರಪ್ಪನವರ ಸರ್ಕಾರ ತಂದ ಸುಗ್ರೀವಾಜ್ಞೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಡಿಸೆಂಬರ್ 11ರಂದು ಆದೇಶ ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಯಿತು, ಮರುದಿನವೇ ಬೆಂಗಳೂರು ಹೊತ್ತಿಕೊಂಡಿತು. ತಮಿಳರ ಅಂಗಡಿ, ಮನೆ, ವಾಹನಗಳ ಮೇಲೆ ದಾಳಿಯಾಯಿತು, ಕರ್ಫ್ಯೂ ಬಿತ್ತು, ಜೀವಗಳು ಹೋದವು. ಸಾವಿರಾರು ಜನ ಸಿಕ್ಕ ಬಸ್ಸು ಲಾರಿ ಹತ್ತಿ ಗಡಿ ದಾಟಿದರು. ತಮಿಳು ನೆರೆಯವರನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡ ಕನ್ನಡದ ಮನೆಗಳೂ ಇದ್ದವು. ಗಲಭೆಯ ಲೆಕ್ಕ ಬರೆಯುವಾಗ ಅವನ್ನು ಬಿಡುವುದು ಅನ್ಯಾಯ.

ಆದರೆ ಸ್ನೇಹಗಳಿಗೆ ಆಳವಾದ ಪೆಟ್ಟು ಬಿದ್ದದ್ದು ಊರು ತಣ್ಣಗಾದ ಮೇಲೆ. ಹೋದವರು ತಿಂಗಳೊಪ್ಪತ್ತಿನಲ್ಲಿ ಮರಳಿ ಬಂದಾಗ ಎದುರುಮನೆಯವರು ಏನೆಂದು ಮಾತಾಡಿಸಬೇಕು? ‘ಎಲ್ಲಿದ್ರಿ ಇಷ್ಟು ದಿನ’ ಎಂದರೆ ಗಾಯ ಕೆದಕಿದಂತೆ. ಕೇಳದೆ ಬಿಟ್ಟರೆ ಏನೂ ನಡೆದೇ ಇಲ್ಲ ಎಂದಂತೆ. ಇಂಥ ಕಡೆ ಮೌನವನ್ನೇ ಹಿಡಿಯುವುದು ಸುಲಭ. ಹಬ್ಬದ ತಿಂಡಿಯ ತಟ್ಟೆ ಮೊದಲಿನಂತೆ ಮನೆಯಿಂದ ಮನೆಗೆ ಓಡಾಡುತ್ತದೆ, ಕಷ್ಟಸುಖದ ಮಾತು ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಜಗಳವೇ ಆಗದೆ ಸ್ನೇಹವೊಂದು ಸವೆಯುವ ಈ ಬಗೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿಯೇ ಅದರ ನಷ್ಟ ಹೆಚ್ಚು.

ಅದೇ 1991ರಲ್ಲಿ ಹಲಸೂರು ಕೆರೆಯ ಬಳಿ ಬೆಂಗಳೂರು ತಮಿಳು ಸಂಘದ ಪ್ರಯತ್ನದಿಂದ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಸಿದ್ಧವಾಗಿ ನಿಂತಿತ್ತು. ಕನ್ನಡ ಸಂಘಟನೆಗಳ ವಿರೋಧದಿಂದ ಅನಾವರಣ ತಪ್ಪಿತು, ಪ್ರತಿಮೆ ಮುಸುಕಿನೊಳಗೇ ಉಳಿಯಿತು. 2000ದ ಜುಲೈ 30ರಂದು ಗಾಜನೂರಿನಿಂದ ನಟ ರಾಜ್‌ಕುಮಾರ್ ಅವರನ್ನು ಹೊತ್ತೊಯ್ದ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಈ ಪ್ರತಿಮೆಯ ಅನಾವರಣವೂ ಸೇರಿತ್ತು. ಕಾಡಿನಲ್ಲಿ ಕುಳಿತ ದಂತಚೋರನೊಬ್ಬ ಹಲಸೂರಿನ ತಮಿಳರ ಪರವಾಗಿ ಮಾತಾಡಲು ಹೊರಟ! ಯಾರೂ ಅವನನ್ನು ವಕೀಲನಾಗಿ ನೇಮಿಸಿರಲಿಲ್ಲ, ಆದರೂ ಆ 108 ದಿನ ಉತ್ತರ ಹೇಳಬೇಕಾದ ಭಾರ ಬಿದ್ದದ್ದು ರಾಜ್ ಸಿನಿಮಾಗಳನ್ನು ನೋಡಿಯೇ ಬೆಳೆದ ತಮಿಳು ಕುಟುಂಬಗಳ ಮೇಲೆ. ಕೊನೆಗೆ ದಾರಿ ಸಿಕ್ಕಿದ್ದು 2009ರಲ್ಲಿ. ಮುಖ್ಯಮಂತ್ರಿ ಯಡಿಯೂರಪ್ಪನವರ ಸಮ್ಮುಖದಲ್ಲಿ ಆಗಸ್ಟ್ 9ರಂದು ತಮಿಳುನಾಡು ಮುಖ್ಯಮಂತ್ರಿ ಕರುಣಾನಿಧಿ ಹಲಸೂರಿನ ಪ್ರತಿಮೆಯನ್ನು ಅನಾವರಣ ಮಾಡಿದರು. ನಾಲ್ಕು ದಿನ ಕಳೆದು ಚೆನ್ನೈನ ಅಯನಾವರಂನಲ್ಲಿ ಕನ್ನಡದ ಕವಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಸೋತವರು ಯಾರೂ ಇಲ್ಲದಂತೆ ಮಾಡಿದ ಈ ರಾಜಿ, ಎರಡೂ ಕಡೆಯ ಟೀಕೆಗಳ ನಡುವೆಯೂ, ಬಹಳ ಜಾಣತನದ್ದು.

ಭಿನ್ನಾಭಿಪ್ರಾಯ ಸ್ನೇಹವನ್ನು ಹೇಗೆ ಎಳೆದಾಡುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞ ಫ್ರಿಟ್ಸ್ ಹೈಡರ್ 1946ರಲ್ಲೇ ಒಂದು ವಿವರಣೆ ಕೊಟ್ಟಿದ್ದ. ಪರಸ್ಪರ ಇಷ್ಟಪಡುವ ಇಬ್ಬರು ಮೂರನೆಯ ವಿಷಯವೊಂದರಲ್ಲಿ ಎದುರುಬದುರಾದರೆ ಇಬ್ಬರ ಮನಸ್ಸೂ ಇರಿಸುಮುರಿಸಿಗೆ ಸಿಲುಕುತ್ತದೆ. ಅಭಿಪ್ರಾಯ ಬದಲಿಸಬೇಕು, ಇಲ್ಲವೇ ಗೆಳೆಯನ ಮೇಲಿನ ಪ್ರೀತಿ ಕಡಿಮೆಯಾಗಬೇಕು. ಹಳೆಯ ಗೆಳೆಯರಿಗೆ ಇನ್ನೊಂದು ದಾರಿಯೂ ಗೊತ್ತು: ‘ಅದನ್ನ ಬಿಡು ಗುರು, ಟೀ ಕುಡಿಯೋಣ ಬಾ’ ಎಂದು ಆ ವಿಷಯದ ತೂಕವನ್ನೇ ಇಳಿಸುವುದು. ಉದ್ವೇಗದ ರಾಜಕೀಯ ಮುಚ್ಚುವುದು ಈ ದಾರಿಯನ್ನೇ. ಸುಮ್ಮನಿದ್ದವನೂ ಎದುರು ಪಕ್ಷದವನು ಎಂದು ಅದು ಸಾರುತ್ತದೆ. ಅಲ್ಲಿಂದ ಮುಂದೆ ಗೆಳೆಯ ಗೆಳೆಯನಾಗಿ ಕಾಣುವುದಿಲ್ಲ, ಒಂದು ಗುಂಪಿನ ಪ್ರತಿನಿಧಿಯಾಗಿ ಕಾಣುತ್ತಾನೆ. ‘ನಿಮ್ಮವರು ಹೀಗೆ ಮಾಡಬಹುದಾ?’ ಎಂದು ಕೇಳಿದ ಕ್ಷಣದಲ್ಲಿ, ತಾನು ಮಾಡದ ಕೆಲಸಕ್ಕೆ, ತನಗೆ ಗೊತ್ತೇ ಇಲ್ಲದ ಜನರ ಪರವಾಗಿ ಅವನು ಕಟಕಟೆ ಹತ್ತಬೇಕಾಗುತ್ತದೆ. ಮೂವತ್ತು ವರ್ಷದ ಬಳಕೆ ಮುರಿದುಬೀಳುವುದು ಹೆಚ್ಚಾಗಿ ಇಲ್ಲೇ.

ಇದನ್ನು ದಾಟಿದ ಗೆಳೆತನಕ್ಕೆ ಎಲ್ಲರೂ ಬಲ್ಲ ಉದಾಹರಣೆ ಅಂಬರೀಷ್ ಮತ್ತು ರಜನಿಕಾಂತ್. ‘ಪ್ರಿಯಾ’ ಚಿತ್ರದಲ್ಲಿ ಒಟ್ಟಿಗೆ ನಟಿಸಿದ್ದವರು ಇವರು. ಬೆಂಗಳೂರಿನಲ್ಲಿ ಕಂಡಕ್ಟರ್ ಆಗಿದ್ದ ರಜನಿ 2002ರ ಅಕ್ಟೋಬರಿನಲ್ಲಿ ತಮಿಳುನಾಡಿಗೆ ಕಾವೇರಿ ನೀರು ಬಿಡಬೇಕೆಂದು ಚೆನ್ನೈನಲ್ಲಿ ಉಪವಾಸ ಕೂತರು. ಮಂಡ್ಯದ ಸಂಸದ ಅಂಬರೀಷ್ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪನ್ನು ಪ್ರತಿಭಟಿಸಿ ಕೇಂದ್ರದ ಮಂತ್ರಿಗಿರಿ ಬಿಟ್ಟರು. ಇಬ್ಬರೂ ತಮ್ಮ ತಮ್ಮ ನೆಲದ ಪರ ನಿಂತರು, ಇಬ್ಬರ ನಿಲುವೂ ಬಹಿರಂಗ. 2018ರ ನವೆಂಬರಿನಲ್ಲಿ ಅಂಬರೀಷ್ ತೀರಿಕೊಂಡಾಗ ರಜನಿ ಬೆಂಗಳೂರಿಗೆ ಬಂದು ಅಂತಿಮ ದರ್ಶನ ಪಡೆದರು. ನಿಲುವು ಬಿಟ್ಟುಕೊಡದೆಯೂ ಗೆಳೆತನ ಉಳಿಯಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪ್ರಸಿದ್ಧರಿಗೆ ಸಾಧ್ಯವಾದದ್ದು ಸಾಮಾನ್ಯರಿಗೂ ಸಾಧ್ಯವಾಗಲು ಒಂದು ಆಸರೆ ಬೇಕು. ಪೂರ್ವ ಬೆಂಗಳೂರಿನಲ್ಲಿ ಆ ಆಸರೆ ಬಹುಕಾಲ ಕಾರ್ಖಾನೆಗಳಿಂದ ಸಿಕ್ಕಿತು: 1940ರ ಎಚ್‌ಎಎಲ್, ಕೆ.ಆರ್. ಪುರದ ದೂರವಾಣಿನಗರದಲ್ಲಿ 1948ರ ಐಟಿಐ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಅಲ್ಲೇನೂ ಎಲ್ಲ ಸೌಹಾರ್ದವೇ ಇರಲಿಲ್ಲ. ಕೆಲಸದಲ್ಲಿ ಕನ್ನಡಿಗರಿಗೆ ಪಾಲು ಸಾಲದು ಎಂಬ ಅಸಮಾಧಾನ ಬಲವಾಗಿತ್ತು, ಅದಕ್ಕೆ ನ್ಯಾಯವಾದ ಕಾರಣವೂ ಇತ್ತು; ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಅಂತಿಮ ವರದಿ ಕೊಟ್ಟದ್ದು ಈ ಹಿನ್ನೆಲೆಯಲ್ಲೇ. ಆದರೂ 1980ರ ಡಿಸೆಂಬರಿನಿಂದ 77 ದಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರ ನಡೆದಾಗ ಬೇರೆ ಬೇರೆ ಪಕ್ಷಗಳ ನೆರಳಿನ ಕಾರ್ಮಿಕ ಸಂಘಗಳು ಒಂದೇ ವೇದಿಕೆಗೆ ಬಂದವು. ಸಂಬಳವಿಲ್ಲದ ತಿಂಗಳುಗಳನ್ನು ಕನ್ನಡ, ತಮಿಳು, ಮಲಯಾಳ, ತೆಲುಗು ಮಾತಾಡುವವರು ಒಟ್ಟಿಗೆ ಕಳೆದರು.

ಇದಕ್ಕೆ ಹೊಂದುವ ಮಾತನ್ನು ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ 2002ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಅಲೀಗಢ, ಕೋಯಿಕ್ಕೋಡ್ ಮೊದಲಾದ ನಗರಗಳ ಹಿಂದೂ ಮುಸ್ಲಿಂ ಸಂಬಂಧಗಳನ್ನು ಹೋಲಿಸಿ ಅವರು ಕಂಡುಕೊಂಡದ್ದು ಇದು: ನೆರೆಹೊರೆಯ ನಗುಮುಖವಷ್ಟೇ ದೊಡ್ಡ ಗಲಭೆಯನ್ನು ತಡೆಯಲಾರದು, ಎರಡೂ ಕಡೆಯವರು ಒಟ್ಟಿಗೆ ಇರುವ ಕಾರ್ಮಿಕ ಸಂಘ, ವ್ಯಾಪಾರಿ ಸಂಘ, ಕ್ಲಬ್ಬುಗಳು ತಡೆಯಬಲ್ಲವು. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿತು, ಐಟಿಐ ಸೊರಗಿತು. ಉದ್ಯೋಗದ ಜೊತೆಗೆ ಈ ಆಸರೆಯೂ ಹೋಯಿತು, ಅದನ್ನು ಯಾರೂ ನಷ್ಟದ ಲೆಕ್ಕಕ್ಕೆ ಹಿಡಿಯಲಿಲ್ಲ.

ಧರ್ಮದ ಹೆಸರಿನ ಬಿರುಕುಗಳೂ ಇದೇ ನೆಲದ ಮೇಲೆ ಮೂಡಿವೆ. 1994ರ ಅಕ್ಟೋಬರಿನಲ್ಲಿ ದೂರದರ್ಶನ ಉರ್ದು ವಾರ್ತೆ ಶುರುಮಾಡಿದಾಗ ಚುನಾವಣೆಯ ಹೊಸ್ತಿಲಲ್ಲಿದ್ದ ಬೆಂಗಳೂರಿನಲ್ಲಿ ಗಲಭೆಯಾಗಿ ಸುಮಾರು 25 ಮಂದಿ ಸತ್ತರು. 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಪೋಸ್ಟಿನಿಂದ ಕೆರಳಿದ ಗುಂಪು ಕಾವಲ್ ಭೈರಸಂದ್ರದಲ್ಲಿ ಶಾಸಕ ಅಖಂಡ ಶ್ರೀನಿವಾಸಮೂರ್ತಿಯವರ ಮನೆಗೆ ಬೆಂಕಿ ಹಚ್ಚಿತು, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿತು. ಗೋಲಿಬಾರ್‌ನಲ್ಲಿ ಮೂವರು ತೀರಿಕೊಂಡರು. ಅದೇ ರಾತ್ರಿ ಡಿ.ಜೆ. ಹಳ್ಳಿಯಲ್ಲಿ ಮುಸ್ಲಿಂ ಹುಡುಗರು ಕೈಕೈ ಹಿಡಿದು ದೇವಸ್ಥಾನವೊಂದರ ಮುಂದೆ ಸರಪಳಿಯಾಗಿ ನಿಂತರು.

ಮೊಬೈಲ್ ಬಂದ ಮೇಲೆ ಬಿರುಕು ಬಿಡುವ ವೇಗ ಹೆಚ್ಚಿದೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ವಿವಾದ ಮತ್ತೆ ಕೆರಳಿದಾಗ ಬೆಂಗಳೂರಿನಲ್ಲಿ ತಮಿಳು ಯುವಕನಿಗೂ ರಾಮೇಶ್ವರದಲ್ಲಿ ಕನ್ನಡಿಗನಿಗೂ ಹೊಡೆದ ವಿಡಿಯೊಗಳು ಕೈಯಿಂದ ಕೈಗೆ ಹರಿದಾಡಿದವು. 12ರಂದು ನಗರದಲ್ಲಿ ಬಸ್ಸು ಲಾರಿಗಳು ಉರಿದವು. ತಮಿಳುನಾಡು ನೋಂದಣಿಯ ಗಾಡಿಗಳಿದ್ದವರು ನಂಬರ್ ಪ್ಲೇಟಿಗೆ ಕಾಗದ ಅಂಟಿಸಿ, ಹ್ಯಾಂಡಲ್ಲಿಗೆ ಹಳದಿ ಕೆಂಪು ಬಾವುಟ ಕಟ್ಟಿ, ಗೇಟಿರುವ ಪರಿಚಿತರ ಮನೆಯೊಳಗೆ ತಂದು ನಿಲ್ಲಿಸಿದರು. ಈಗ ಇಂದಿರಾನಗರದ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಾಗಲಿ, ಶಾಲೆಯ ಹಳೆಯ ಸಹಪಾಠಿಗಳ ಗ್ರೂಪಿನಲ್ಲಾಗಲಿ ಅಡ್ಡಿಯಾಗಿರುವುದು ಪಕ್ಷ. ಇಬ್ಬರ ನಡುವೆಯೇ ಆದರೆ ಮಾತು ಮೆತ್ತಗಾಗುತ್ತದೆ. ನೂರು ಜನ ನೋಡುತ್ತಿರುವಾಗ ಯಾರೂ ಹಿಂದೆ ಸರಿಯುವುದಿಲ್ಲ. ಯಾರೋ ಬರೆದ ಫಾರ್ವರ್ಡ್‌ಗೆ ಗೆಳೆಯನೇ ಜವಾಬ್ದಾರನಾಗುತ್ತಾನೆ, ಒಬ್ಬರು ಗ್ರೂಪು ಬಿಟ್ಟು ಹೊರಡುತ್ತಾರೆ. ಅಂಥ ಸಂದರ್ಭದಲ್ಲಿ ಗುಂಪಿನ ಹೊರಗೆ ಒಂದು ಫೋನ್ ಮಾಡಿದರೆ, ಇಲ್ಲವೇ ಮನೆಗೇ ಹೋಗಿ ಕೂತರೆ ಆಗುವ ಕೆಲಸ ನೂರು ಸಂದೇಶಗಳಿಂದ ಆಗದು.

ಒಟ್ಟಿಗೆ ಮಾಡುವ ಕೆಲಸದ ಬಲ ಇಂದಿಗೂ ಅಲ್ಲಲ್ಲಿ ಕಾಣುತ್ತದೆ. 1927ರಲ್ಲಿ ಕಟ್ಟಿದ ಶಿವಾಜಿನಗರದ ರಸೆಲ್ ಮಾರ್ಕೆಟ್ 2012ರ ಫೆಬ್ರವರಿಯಲ್ಲಿ ಬೆಂಕಿಗೆ ಸಿಕ್ಕಾಗ ಸರ್ಕಾರದ ಹಣಕ್ಕೆ ಕಾಯದೆ ವ್ಯಾಪಾರಿಗಳೇ ಕೈಯಿಂದ ಹಾಕಿ ಮಳಿಗೆಗಳನ್ನು ಎತ್ತಿ ನಿಲ್ಲಿಸಿದರು. 2024ರ ಬೇಸಿಗೆಯಲ್ಲಿ ಕೆ.ಆರ್. ಪುರ, ಮಹದೇವಪುರ ಕಡೆ ಕೊಳವೆಬಾವಿಗಳು ಬತ್ತಿದವು. ಏಪ್ರಿಲ್ 26ಕ್ಕೆ ಲೋಕಸಭೆಯ ಮತದಾನ. ಪಕ್ಷದ ವಿಷಯಕ್ಕೆ ಮುನಿಸಿಕೊಂಡಿದ್ದ ನಿವಾಸಿಗಳೂ ಆ ವಾರಗಳಲ್ಲಿ ಸಂಘದ ಸಭೆಗೆ ಬಂದು ಒಂದೇ ಮೇಜಿನ ಸುತ್ತ ಕೂತು, ಟ್ಯಾಂಕರ್ ಯಾವ ಬ್ಲಾಕಿಗೆ ಎಷ್ಟು ಹೊತ್ತಿಗೆ ಎಂದು ಪಟ್ಟಿ ಮಾಡಬೇಕಾಯಿತು.