ನೇರಳೆ ಅಂದ್ರ ಯಾವ ನೇರಳೆ?

ಬಾಗಲಕೋಟೆಯ ನಮ್ಮ ಕ್ಯಾಂಪಸ್ಸಿನ ಪ್ರದರ್ಶನಕ್ಕೆ 1786ರ ಬಾದಾಮಿ ಮುತ್ತಿಗೆಯ ಮಾದರಿ ಮಾಡೋಣ ಅಂತ ನಾವು ಆರು ಮಂದಿ ಹೊರಟೆವು. ಕೋಟೆಯೊಳಗೆ ಟಿಪ್ಪುವಿನ ಸಿಪಾಯಿಗಳು, ಹೊರಗೆ ಮರಾಠರ ಮತ್ತು ನಿಜಾಮನ ಪಡೆ. ಥ್ರೀಡಿ ಪ್ರಿಂಟರಿನಿಂದ 28 ಮಿ.ಮೀ. ಗೊಂಬೆಗಳು ಬಂದವು. ಫಜೀತಿ ಶುರುವಾದದ್ದು ಬಣ್ಣದ ಡಬ್ಬಿ ತೆರೆದ ಮೇಲೆ.

ಟಿಪ್ಪುವಿನ ಕಾಯಂ ಕಾಲಾಳು ಪಡೆಯ ಅಂಗಿ ನೇರಳೆ, ಅದರ ಮೇಲೆ ಬಿಳಿ ಹುಲಿಪಟ್ಟೆ. ಡಬ್ಬಿಯ ನೇರಳೆಯನ್ನೇ ನೇರ ಬಳಿದೆವು. ಸಿಪಾಯಿಗಳು ಜಾತ್ರೆಯ ಪ್ಲಾಸ್ಟಿಕ್ ಆಟಿಕೆಯಂತೆ ಕಂಡರು! ಹನ್ನೆರಡು ಗೊಂಬೆಗಳ ಬಣ್ಣ ಕಿತ್ತು ಮತ್ತೆ ಕೂತೆವು.

ತಪ್ಪು ಎಲ್ಲಿತ್ತು? ಲೆಕ್ಕ ನೋಡ್ರಿ. 170 ಸೆಂ.ಮೀ. ಎತ್ತರದ ಮನುಷ್ಯ 28 ಮಿ.ಮೀ.ಗೆ ಇಳಿದರೆ ಅಳತೆ ಸುಮಾರು 1:60. ಗೊಂಬೆಯನ್ನು 30 ಸೆಂ.ಮೀ. ದೂರದಿಂದ ನೋಡೋದು ಅಂದ್ರೆ ನಿಜವಾದ ಸಿಪಾಯಿಯನ್ನು 18 ಮೀಟರಿನಿಂದ ನೋಡಿದ ಹಾಗೆ. ಅಷ್ಟು ದೂರಕ್ಕೆ ಬಣ್ಣದ ಕಡುಪು ಕಮ್ಮಿ ಆಗುತ್ತದೆ. ಅದಕ್ಕೇ ನೇರಳೆಗೆ ತುಸು ತಿಳಿ ಬೂದು ಬೆರೆಸಬೇಕು. ಅಕ್ರಿಲಿಕ್ ಒಣಗಿದ ಮೇಲೆ ಗಾಢವಾಗುತ್ತದೆ. ಮೊದಲು ಹಾಳೆಯ ಮೇಲೆ ಬಳಿದು, ಒಣಗಿಸಿ ನೋಡಿ.

ಎರಡನೆಯ ಪಾಠ ಇಳಕಲ್ಲಿನದು. ಸೀರೆ ಕೊಳ್ಳೋ ಅವ್ವ ಅಂಗಡಿಯ ದೀಪ ನಂಬೋದಿಲ್ಲ, ಸೆರಗನ್ನು ಬಿಸಿಲಿಗೆ ಹಿಡಿದು ನೋಡ್ತಾಳೆ. ಹಾಸ್ಟೆಲ್ಲಿನ ಎಲ್‌ಇಡಿ ಕೆಳಗೆ ಕೂಡಿದ ಬಣ್ಣ ಹೊರಗೆ ಕೂಡದೇ ಹೋಗಬಹುದು. ಇನ್ನೊಂದು, ಕೈಯಿಂದ ಬಣ್ಣ ಹಾಕಿದ ನೂಲು ಪ್ರತಿ ಸಲ ಒಂದೇ ಛಾಯೆ ಬರೋದಿಲ್ಲ. ಹಂಗಾಗಿ ನಾವು ಮೂರು ನೇರಳೆ ಮಾಡಿಕೊಂಡೆವು: ಹೊಸದು, ಒಗೆದದ್ದು, ಬಿಸಿಲಿಗೆ ಮಾಸಿದ್ದು.

ಇನ್ನು ಧೂಳು. ಬಾದಾಮಿಯಲ್ಲಿ ನಿಂತವನ ಕಾಲಿಗೆ ಕೆಂಪು ಮರಳುಗಲ್ಲಿನ ಪುಡಿ. ಹುನಗುಂದದ ಎರಿ ಹೊಲ ದಾಟಿ ಬಂದವನಿಗೆ ಕರಿ ಮಣ್ಣು. ಬ್ರಶ್ಶಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದಷ್ಟನ್ನು ಮೊಣಕಾಲ ಕೆಳಗೆ ಸವರಿದರೆ ಸಾಕು.

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಚಿತ್ರ ನೋಡಿ ಛಾಯೆ ಹೊಂದಿಸೋಣ ಅನ್ನೋ ಆಸೆಯೂ ಇತ್ತು. ಆದರೆ ಆ ಚಿತ್ರಗಳಿಗೆ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಬಳಿಸಲಾಗಿದೆ. ಉಡುಪಿನ ಆಕಾರಕ್ಕೆ ಅದನ್ನು ನೋಡಬಹುದು, ಛಾಯೆ ಅಳೆಯೋಕೆ ಬ್ಯಾಡ.

ಕೊನೆಗೆ ಪ್ರತಿ ಗೊಂಬೆಯ ಅಡಿಯಲ್ಲಿ ಚೀಟಿ ಅಂಟಿಸಿದೆವು. ಹುಲಿಪಟ್ಟೆಗೆ 'ದಾಖಲೆ', ಮಾಸಿದ ನೇರಳೆಗೆ 'ಊಹೆ'. ನೋಡಲು ಬರುವ ಶಾಲೆ ಮಕ್ಕಳಿಗೆ ನಾವು ಬಳಿದದ್ದೇ ಇತಿಹಾಸ ಆಗಿಬಿಡುತ್ತದೆ. ಯಾಕೆ ಈ ಬಣ್ಣ ಅಂತ ಒಬ್ಬ ಹುಡುಗ ಕೇಳಿದರೆ, ಗೊಂಬೆ ತಿರುಗಿಸಿ ತೋರಿಸೋಕೆ ಆಗಬೇಕು.