ತೋಟದ ಮನೆಯ ಹಿತ್ತಲಲ್ಲಿ ಕೋಳಿ ಸಾಕಣೆ

ಕಾಫಿಯ ಹಣ ವರ್ಷಕ್ಕೊಮ್ಮೆ ಬರುತ್ತದೆ. ಅಡಿಕೆಯೂ ಕೊಯ್ಲಾಗಿ, ಒಣಗಿ, ಸುಲಿದು ಮಾರಾಟವಾದ ಮೇಲೆಯೇ ಕೈಗೆ ದುಡ್ಡು. ಮನೆಯ ಖರ್ಚಾದರೋ ವಾರ ವಾರವೂ ಇದ್ದದ್ದೇ. ಎರಡು ಮೂರು ಎಕರೆಯ ಸಣ್ಣ ಬೆಳೆಗಾರರ ಅನೇಕ ಮನೆಗಳಲ್ಲಿ ಈ ನಡುವಿನ ತಿಂಗಳುಗಳ ಚಿಲ್ಲರೆ ಖರ್ಚಿಗೆ ಒದಗುವುದು ಹೆಂಗಸರು ಸಾಕುವ ಹತ್ತು ಹದಿನೈದು ಕೋಳಿಗಳು. ಹೀಗಿದ್ದರೂ ಕೋಳಿಯನ್ನು ನಾವು ತೋಟದ ಲೆಕ್ಕಕ್ಕೆ ಸೇರಿಸುವುದಿಲ್ಲ. ರೋಗ ಬಂದು ಒಂದೇ ವಾರದಲ್ಲಿ ಗೂಡು ಬರಿದಾದರೆ, ಈ ವರ್ಷ ಕೋಳಿ ಉಳಿಯಲಿಲ್ಲವೆಂದು ಸುಮ್ಮನಾಗುತ್ತೇವೆ. ಸ್ವಲ್ಪ ಮುತುವರ್ಜಿ ವಹಿಸಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ತಳಿಯ ಆಯ್ಕೆ

ನಾಟಿ ಕೋಳಿ ಮೊಟ್ಟೆ ಇಡುವುದು ಕಡಿಮೆ. ವರ್ಷಕ್ಕೆ ಐವತ್ತು ಅರವತ್ತರ ಸುಮಾರು. ಆದರೆ ಅದು ತಾನೇ ಕಾವು ಕೂರುತ್ತದೆ, ಮರಿಗಳನ್ನು ಕಾಯುತ್ತದೆ, ಹದ್ದು ಕಂಡರೆ ಅಡಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಅನಂತರ 2005ರಲ್ಲಿ ಬಂದ ಸ್ವರ್ಣಧಾರಾ, ಹೈದರಾಬಾದಿನ ವನರಾಜ ಇವು ಹಿತ್ತಲಿಗೆಂದೇ ಸಿದ್ಧಪಡಿಸಿದ ತಳಿಗಳು. ಇವು ಬೇಗ ತೂಕ ಬರುತ್ತವೆ, ನಾಟಿಗಿಂತ ಹೆಚ್ಚು ಮೊಟ್ಟೆ ಕೊಡುತ್ತವೆ. ಆದರೆ ಇವಕ್ಕೆ ಕಾವು ಕೂರುವ ಗುಣ ಕಡಿಮೆ. ಇವು ಮಿಶ್ರತಳಿಗಳಾದುದರಿಂದ ಮನೆಯಲ್ಲೇ ಮರಿ ಮಾಡಿಸಿದರೆ ತಾಯಿತಂದೆಯ ಗುಣ ಪೂರ್ತಿಯಾಗಿ ಬರುವುದಿಲ್ಲ. ಪ್ರತಿ ಸಲವೂ ಹೊರಗಿನಿಂದ ಮರಿ ತರಬೇಕು. ಆದ್ದರಿಂದ ಮೂರು ನಾಲ್ಕು ನಾಟಿ ಹೇಂಟೆಗಳನ್ನು ಉಳಿಸಿಕೊಂಡು, ಜೊತೆಗೆ ಹತ್ತು ಸುಧಾರಿತ ಮರಿಗಳನ್ನು ತಂದು ಸಾಕುವುದು ಸಣ್ಣ ಹಿಡುವಳಿಗೆ ಅನುಕೂಲ.

ಕಾವು ಮತ್ತು ಮರಿ

ಒಂದು ಹೇಂಟೆಗೆ ಹತ್ತು ಹನ್ನೆರಡು ಮೊಟ್ಟೆ ಸಾಕು. ಒಂದು ವಾರಕ್ಕಿಂತ ಹಳೆಯ ಮೊಟ್ಟೆಯನ್ನು ಕಾವಿಗೆ ಇಡಬಾರದು. ಏಳೆಂಟನೆಯ ದಿನ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿದರೆ ಫಲವಿಲ್ಲದ ಮೊಟ್ಟೆ ತಿಳಿಯಾಗಿ ಕಾಣುತ್ತದೆ, ಅದನ್ನು ತೆಗೆದುಬಿಡಬೇಕು. ಕೋಳಿಮರಿ ಹೊರಬರಲು 21 ದಿನ, ಊರ ಬಾತುಕೋಳಿಗೆ 28 ದಿನ ಬೇಕು. ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬಳಿಕ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಮರಿಗಳು ಬಲ್ಬಿನಡಿ ಒತ್ತೊತ್ತಾಗಿ ಗುಂಪುಗೂಡಿದರೆ ಚಳಿ ಎಂದೂ, ದೂರ ಸರಿದು ಬಾಯಿ ತೆರೆದರೆ ಸೆಕೆ ಎಂದೂ ತಿಳಿಯಬೇಕು. ಮಲೆನಾಡಿನ ಜಡಿಮಳೆಯಲ್ಲಿ ಮರಿ ಉಳಿಸುವುದು ಕಷ್ಟ. ಮಳೆ ಕಡಿಮೆಯಾದ ಮೇಲೆ ಮರಿ ಮಾಡಿಸುವುದು ಲೇಸು.

ಗೂಡು ಮತ್ತು ಮೇವು

ಗೂಡು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿರಲಿ. ಅಡಿಕೆ ದಬ್ಬೆಯ ತಳವನ್ನು ಸಣ್ಣ ಸಂದು ಬಿಟ್ಟು ಕಟ್ಟಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗಾಳಿಯೂ ಆಡುತ್ತದೆ. ಮುಂಗಾರಿನ ಎರಚಲು ಬರುವ ನೈರುತ್ಯದ ಕಡೆಗೆ ಗೋಡೆ ಇರಬೇಕು. ಮುಂಗುಸಿ, ಕಾಡುಬೆಕ್ಕು, ಹಾವು ನುಗ್ಗದಂತೆ ಬಾಗಿಲಿಗೂ ಕಿಟಕಿಗೂ ಸಣ್ಣ ಕಣ್ಣಿನ ತಂತಿಬಲೆ ಅವಶ್ಯ. ನೆಲದ ಮೇಲೆ ಹಾಸುವ ಹೊಟ್ಟು ಒಣಗಿರಲಿ. ಬೂಸಲು ಹಿಡಿದ ಹೊಟ್ಟಿನಿಂದ ಮರಿಗಳ ಶ್ವಾಸಕೋಶಕ್ಕೆ ರೋಗ ತಗಲುತ್ತದೆ.

ಬೆಳೆದ ಹೇಂಟೆಗೆ ದಿನಕ್ಕೆ ನೂರು ಗ್ರಾಮಿಗೂ ತುಸು ಹೆಚ್ಚು ಮೇವು ಬೇಕು. ಹತ್ತು ಕೋಳಿಗೆ ತಿಂಗಳಿಗೆ ಮೂವತ್ತು ಕಿಲೋ ದಾಟುತ್ತದೆ. ಅಷ್ಟನ್ನೂ ಅಂಗಡಿಯಿಂದ ತಂದರೆ ಲಾಭ ಉಳಿಯುವುದು ಕಷ್ಟ. ತೋಟದ ದರಗಿನಲ್ಲಿ ಸಿಗುವ ಗೆದ್ದಲು, ಹುಳು, ಎಳೆ ಹುಲ್ಲಿನ ಜೊತೆಗೆ ಸಂಜೆ ಗೂಡು ಸೇರುವ ಹೊತ್ತಿಗೆ ನುಚ್ಚು, ತೌಡು, ಸ್ವಲ್ಪ ಹಿಂಡಿ ಕೊಟ್ಟರೆ ನಡೆಯುತ್ತದೆ. ಹೀಗೆ ಕೊಟ್ಟರೆ ಕೋಳಿಗಳು ತಾವಾಗಿಯೇ ಮನೆಗೆ ಬರುತ್ತವೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಮ್ ಸುಣ್ಣದಂಶ ಹೋಗುವುದರಿಂದ ಕಪ್ಪೆಚಿಪ್ಪಿನ ಪುಡಿಯನ್ನು ಪ್ರತ್ಯೇಕವಾಗಿ ಇಡಬೇಕು.

ತೋಟಕ್ಕೆ ತೊಂದರೆಯಾಗದಂತೆ

ಕಾಫಿ ಸಸಿಮಡಿ, ಹೊಸದಾಗಿ ನೆಟ್ಟ ಮೆಣಸಿನ ಬಳ್ಳಿ, ಸೊಪ್ಪು ಹಾಕಿದ ಅಡಿಕೆ ಬುಡ ಇವುಗಳನ್ನು ಕೋಳಿ ಕೆದಕಿ ಬೇರು ಬಯಲು ಮಾಡುತ್ತದೆ. ಅಲ್ಲಿಗೆ ಬೇಲಿ ಹಾಕಲೇಬೇಕು. ಕಾಫಿ, ಅಡಿಕೆ, ಮೆಣಸು ಅಂಗಳದಲ್ಲಿ ಒಣಗುತ್ತಿರುವಾಗ ಕೋಳಿಯನ್ನು ಕಟ್ಟಿಹಾಕಿ. ಹಿಕ್ಕೆ ಬಿದ್ದ ಮಾಲಿಗೆ ಬೆಲೆ ಬರುವುದಿಲ್ಲ. ತೋಟಕ್ಕೆ ಕೀಟನಾಶಕ ಹೊಡೆದ ಮೇಲೂ ಕೆಲವು ದಿನ ಬಿಡಬಾರದು. ಹರಳು ರೂಪದ ವಿಷವನ್ನು ಕಾಳೆಂದು ತಿಂದರೆ ಕೋಳಿ ಬದುಕದು. ಹಿಕ್ಕೆಯ ಗೊಬ್ಬರದಲ್ಲಿ ಸಗಣಿಗಿಂತ ಸಾರಜನಕ ಹೆಚ್ಚು. ಆದರೆ ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ದರಗು, ಸಗಣಿಯೊಂದಿಗೆ ಗುಂಡಿಯಲ್ಲಿ ಚೆನ್ನಾಗಿ ಕೊಳೆಸಿ ಬಳಸಬೇಕು.

ಕೊಕ್ಕರೆ ರೋಗ

ಕೋಳಿಗಳನ್ನು ಒಮ್ಮೆಗೇ ಕೊಂಡೊಯ್ಯುವುದು ರಾಣಿಖೇತ್ ಅಥವಾ ಕೊಕ್ಕರೆ ರೋಗ. ಹಸಿರು ಭೇದಿ, ಏದುಸಿರು, ಕತ್ತು ತಿರುಚುವುದು, ಕಾಲು ಸೋಲುವುದು ಇದರ ಲಕ್ಷಣಗಳು. ಬಂದ ಮೇಲೆ ಮದ್ದಿಲ್ಲ, ಲಸಿಕೆಯೊಂದೇ ದಾರಿ. ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ನಾಲ್ಕನೆಯ ವಾರ ಕುಡಿಯುವ ನೀರಿನಲ್ಲಿ ಮತ್ತೊಮ್ಮೆ, 8ರಿಂದ 10ನೆಯ ವಾರದಲ್ಲಿ ಚುಚ್ಚುಮದ್ದು. ಸಿಡುಬಿನ ಲಸಿಕೆಯನ್ನೂ ಪಶುವೈದ್ಯರನ್ನು ಕೇಳಿ ಹಾಕಿಸಬೇಕು.

ತೊಡಕಿರುವುದು ಇಲ್ಲಿ. ಲಸಿಕೆಯ ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಾಗುವಷ್ಟು ಮದ್ದಿರುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹದಿನೈದು ಕೋಳಿಯಿರುವ ಮನೆಯವರು ಒಬ್ಬರೇ ಸೀಸೆ ತಂದರೆ ಬಹುಪಾಲು ಚೆಲ್ಲಬೇಕು. ಅದಕ್ಕಾಗಿಯೇ ಯಾರೂ ತರುವುದಿಲ್ಲ. ಒಂದು ಮನೆಯಲ್ಲಿ ಹಾಕಿಸಿ ಪಕ್ಕದ ಮನೆಯಲ್ಲಿ ಬಿಟ್ಟರೆ ಊರಿನಲ್ಲಿ ರೋಗವೂ ಉಳಿಯುತ್ತದೆ. ಹಾಲು, ಗೊಬ್ಬರ, ಅಡಿಕೆ ಮಾರಾಟಕ್ಕೆ ಒಂದುಗೂಡುವ ನಾವು ಇದಕ್ಕೂ ಒಂದುಗೂಡಬೇಕು. ಕೇರಿಯ ಎಂಟು ಹತ್ತು ಮನೆಯವರು ಒಂದೇ ವಾರದಲ್ಲಿ ಮರಿ ಮಾಡಿಸಿ, ಒಂದು ದಿನ ಗೊತ್ತುಮಾಡಿ, ಹತ್ತಿರದ ಪಶು ಆಸ್ಪತ್ರೆಗೆ ಮೊದಲೇ ತಿಳಿಸಿದರೆ ಒಂದು ಸೀಸೆಯಲ್ಲಿ ಇಡೀ ಕೇರಿಯ ಕೆಲಸವಾಗುತ್ತದೆ. ಬೆಳಗಿನ ಜಾವ ಕೋಳಿ ಗೂಡಿನಲ್ಲಿರುವಾಗಲೇ ಹಾಕುವುದು ಸುಲಭ.

ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆಯಾಗಿ ಇಟ್ಟು ಆಮೇಲೆ ಹಿಂಡಿಗೆ ಸೇರಿಸಿ. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. 2012ರಲ್ಲಿ ಹೆಸರಘಟ್ಟದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿದ್ದನ್ನು ಮರೆಯಬಾರದು.

ಮಳೆಗಾಲ ಕಳೆದು ಕೊಯ್ಲಿನ ಗಡಿಬಿಡಿ ಆರಂಭವಾಗುವ ಮುನ್ನ, ನೆರೆಹೊರೆಯವರೆಲ್ಲ ಕೂತು ಲಸಿಕೆಯ ದಿನವೊಂದನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.