ದೀಪ ಬದಲಿಸುವ ಮುನ್ನ ಕಣ್ಣು ತೋರಿಸಿ

ಕಬ್ಬಿನ ಹಂಗಾಮು ಆರಂಭವಾಗಿ ಒಂದೆರಡು ವಾರ ಕಳೆದಿತ್ತು. ನಿಪ್ಪಾಣಿ ಹತ್ತಿರದ ಹಳ್ಳಿಯೊಂದರಿಂದ ಪಿಕಪ್ ಗಾಡಿಯ ಮಾಲೀಕರೊಬ್ಬರು ಕಣ್ಣು ತೋರಿಸಲು ಬಂದರು. ವಯಸ್ಸು ಐವತ್ತೆರಡು. ದಿನವೂ ನಸುಕಿನಲ್ಲಿ ತರಕಾರಿ ಹೇರಿಕೊಂಡು ಕೊಲ್ಹಾಪುರದ ಮಾರುಕಟ್ಟೆಗೆ ಹೋಗುವುದು ಅವರ ಕಸುಬು. “ಡಾಕ್ಟ್ರ, ದೊಡ್ಡ ಬಲ್ಬ್ ಹಾಕಿಸೀನ್ರಿ, ಕೆಳಗ ಫಾಗ್ ಲೈಟೂ ಕುಂದ್ರಿಸೀನ್ರಿ. ಆದ್ರೂ ಎದುರಿಗೆ ಗಾಡಿ ಬಂತಂದ್ರ ರಸ್ತೆನ ಕಾಣಂಗಿಲ್ರಿ” ಎಂದರು. ಹಿಂದಿನ ವಾರ ಕಬ್ಬು ಹೇರಿದ ಚಕ್ಕಡಿಯೊಂದರ ಹಿಂಬದಿಗೆ ಗುದ್ದುವುದು ಗೇಣಿನ ಅಂತರದಲ್ಲಿ ತಪ್ಪಿತ್ತಂತೆ.

ಕತ್ತಲೆ ಕೋಣೆಯಲ್ಲಿ ಅಕ್ಷರದ ಫಲಕ ಓದಿಸಿದೆ. ಕೊನೆಯಿಂದ ಎರಡನೆಯ ಸಾಲಿನವರೆಗೂ ಸಲೀಸಾಗಿ ಓದಿದರು. ಪಕ್ಕದಿಂದ ಟಾರ್ಚಿನ ಬೆಳಕು ಬಿಟ್ಟಾಗ ಮಾತ್ರ ಮೇಲಿನ ಮೂರು ಸಾಲಿಗೇ ನಿಂತುಬಿಟ್ಟರು. ಪಾಪೆ ಹಿಗ್ಗಿಸುವ ಹನಿ ಹಾಕಿ ನೋಡಿದರೆ ಮಸೂರದ ಹಿಂಬದಿಯ ನಟ್ಟನಡುವೆ ಪೊರೆ, ಅಂದರೆ ನಮ್ಮ ಕಡೆ ಮೋತಿಬಿಂದು ಎನ್ನುವುದು, ಕಟ್ಟತೊಡಗಿತ್ತು. ಗಾಡಿಯ ಕಣ್ಣಿಗೆ ಅವರು ಸಾವಿರಾರು ರೂಪಾಯಿ ಸುರಿದಿದ್ದರು. ತಮ್ಮ ಕಣ್ಣು ತೋರಿಸಿದ್ದು ಅದೇ ಮೊದಲು.

ಪುಣೆ-ಬೆಂಗಳೂರು ಹೆದ್ದಾರಿ ನಿಪ್ಪಾಣಿಯನ್ನು ಹಾದುಹೋಗುತ್ತದೆ. ಹಾಲು, ತರಕಾರಿ, ತಂಬಾಕು ಎಲ್ಲವೂ ರಾತ್ರಿ ಮತ್ತು ನಸುಕಿನಲ್ಲೇ ಸಾಗುತ್ತವೆ. ಹೀಗಾಗಿ ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಗಾಡಿ ಓಡಿಸುವವರು ಒಬ್ಬರಾದರೂ ಇರುತ್ತಾರೆ. ದೀಪ ಹೆಚ್ಚಿಸಿದರೆ ಹೆಚ್ಚು ಕಾಣುತ್ತದೆಂಬುದು ಅವರೆಲ್ಲರ ನಂಬಿಕೆ. ಅದು ಅರ್ಧ ಮಾತ್ರ ನಿಜ.

ಕತ್ತಲೆಗೆ ಕಣ್ಣು ಹೊಂದುವ ಬಗೆ

ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಶಂಕುವಿನ ಆಕಾರದವು ಹಗಲಿನ ನೋಟಕ್ಕೆ ಮತ್ತು ಬಣ್ಣಕ್ಕೆ. ಕಡ್ಡಿಯಾಕಾರದವು ಮಬ್ಬು ಬೆಳಕಿಗೆ. ಕಡ್ಡಿಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯವು ಪ್ರಖರ ಬೆಳಕು ಬಿದ್ದೊಡನೆ ಒಡೆದುಹೋಗುತ್ತದೆ, ಕತ್ತಲೆಯಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಬಿಸಿಲಿನಿಂದ ಸಿನಿಮಾ ಮಂದಿರದೊಳಗೆ ಹೋದಾಗ ಮೊದಲು ಕುರ್ಚಿ ತಡಕಾಡುತ್ತೀರಲ್ಲ, ಅದಕ್ಕೆ ಇದೇ ಕಾರಣ. ಕಣ್ಣು ಪೂರ್ತಿ ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು.

ರಸ್ತೆಯಲ್ಲಿ ಅಷ್ಟು ಗಾಢ ಕತ್ತಲೆ ಇರುವುದಿಲ್ಲವಾದ್ದರಿಂದ ಎದುರಿನ ದೀಪದ ಹೊಡೆತದಿಂದ ಚೇತರಿಸಿಕೊಳ್ಳಲು ಕಣ್ಣಿಗೆ ಕೆಲವೇ ಸೆಕೆಂಡು ಸಾಕು. ಆದರೆ ಆ ಸೆಕೆಂಡುಗಳಲ್ಲಿ ಗಾಡಿ ನಿಂತಿರುವುದಿಲ್ಲ. ತಾಸಿಗೆ 60 ಕಿಲೋಮೀಟರ್ ವೇಗದಲ್ಲಿ ಅದು ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಐದು ಸೆಕೆಂಡು ಕಣ್ಣು ಕತ್ತಲಿಟ್ಟರೆ 80 ಮೀಟರಿಗೂ ಹೆಚ್ಚು ದೂರ ಕುರುಡಾಗಿ ಓಡಿಸಿದಂತೆ. ಮುಂದೆ ಚಕ್ಕಡಿ ಇರಬಹುದು. ಜೋತುಬಿದ್ದ ಕಬ್ಬಿನ ತುದಿಗಳು ಟ್ರ್ಯಾಕ್ಟರ್ ಟ್ರಾಲಿಯ ಹಿಂದಿನ ಕೆಂಪು ದೀಪವನ್ನು ಮುಚ್ಚಿರಬಹುದು. ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡ ಹುಡುಗನಿರಬಹುದು.

ವಯಸ್ಸಾದಂತೆ ಈ ಚೇತರಿಕೆ ನಿಧಾನವಾಗುತ್ತದೆ. ಪಾಪೆ ಮೊದಲಿನಷ್ಟು ಹಿಗ್ಗುವುದಿಲ್ಲ, ಮಸೂರ ಹಳದಿಯಾಗುತ್ತದೆ. ಇಪ್ಪತ್ತರ ತರುಣನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಮೂರನೆಯ ಒಂದು ಪಾಲು ಮಾತ್ರ ಅರವತ್ತರವರಿಗೆ ದಕ್ಕುತ್ತದೆ ಎಂಬುದು ವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕ. ಪೊರೆ ಬಂದಿದ್ದರಂತೂ ವೈಪರ್ ಉಜ್ಜಿ ಉಜ್ಜಿ ಗೀರುಬಿದ್ದ ಮುಂಗಾಜಿನ ಸ್ಥಿತಿಯೇ. ಹಗಲಲ್ಲಿ ಹೇಗೋ ನಡೆಯುತ್ತದೆ. ಎದುರು ಬೆಳಕು ಬಿದ್ದಾಗ ಇಡೀ ಗಾಜು ಬೆಳ್ಳಗಾಗಿ ಏನೂ ಕಾಣುವುದಿಲ್ಲ. ಈ ದೋಷಕ್ಕೆ ನಿಮ್ಮ ಗಾಡಿಯ ದೀಪ ಎಷ್ಟು ದೊಡ್ಡದಾದರೂ ಮದ್ದಲ್ಲ.

ದೊಡ್ಡ ಬಲ್ಬಿನ ಕಥೆ

ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಇರುವುದು 60/55 ವ್ಯಾಟಿನ ಎಚ್-4 ಹ್ಯಾಲೋಜನ್ ಬಲ್ಬ್. ಅದರೊಳಗೆ ಎರಡು ತಂತಿಗಳಿವೆ. ಡಿಪ್ಪರಿನ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲಿದ್ದು, ಅದು ಎದುರಿನವರ ಕಣ್ಣಿಗೆ ಹೋಗುವ ಬೆಳಕನ್ನು ತಡೆಯುತ್ತದೆ. ಹಿಂದಿನ ಬೋಗುಣಿಯ ಪ್ರತಿಯೊಂದು ಬಾಗೂ ಆ ತಂತಿಯ ಜಾಗಕ್ಕೆ ತಕ್ಕಂತೆ ರೂಪಿಸಿದ್ದು. ಅದೇ ಬೋಗುಣಿಯೊಳಗೆ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟುವ ಜಾಗ ಕೂದಲೆಳೆಯಷ್ಟು ಸರಿದರೂ ಕಿರಣಗಳು ಚೆಲ್ಲಾಪಿಲ್ಲಿಯಾಗುತ್ತವೆ. ನಿಮಗೆ ಬೆಳ್ಳಗೆ ಕಾಣುತ್ತದೆ, ಎದುರಿನವನಿಗೆ ಡಿಪ್ಪರ್ ಹಾಕಿದರೂ ಹಾಕದಂತೆ. ನೀಲಿ ಮಿಶ್ರಿತ ಬಿಳಿ ಬೆಳಕು ಕಣ್ಣಿಗೆ ಹೆಚ್ಚು ಚುಚ್ಚುತ್ತದೆ ಎಂದು ಹಲವರು ದೂರುವುದೂ ಸುಳ್ಳಲ್ಲ.

ಇನ್ನು 100/90 ವ್ಯಾಟಿನ ಬಲ್ಬ್. ಅದು ಎಳೆಯುವ ವಿದ್ಯುತ್ತಿಗೆ ಮೂಲ ವೈರು ಮತ್ತು ಸ್ವಿಚ್ಚು ಕಾಯುತ್ತವೆ, ಹೋಲ್ಡರ್ ಕರಗುತ್ತದೆ, ಬೋಗುಣಿಯ ಹೊಳಪು ಸುಟ್ಟುಹೋಗುತ್ತದೆ. ವರ್ಷ ಕಳೆಯುವುದರೊಳಗೆ ಮೊದಲಿಗಿಂತ ಕಡಿಮೆ ಬೆಳಕು!

ಕಾಯದೆಯೂ ಇದನ್ನು ಒಪ್ಪುವುದಿಲ್ಲ. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿಟ್ಟವನಿಗೆ ಕಣ್ಣು ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅನುಮತಿಯಿಲ್ಲದೆ ಮುಂದೆ ಸರ್ಚ್‌ಲೈಟ್ ಕೂರಿಸುವುದನ್ನೂ ಅವು ನಿಷೇಧಿಸಿವೆ. ಹಿಂದೆ ಲಾರಿಗಳ ದೀಪದ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದರ ಉದ್ದೇಶವೂ ಇದೇ.

ನಿಮ್ಮ ದೀಪ ಮಂಕೆನಿಸಿದರೆ ಮೊದಲು ಗಾಜನ್ನು ನೋಡಿ. ಈಗಿನ ಗಾಡಿಗಳಲ್ಲಿ ಅದು ಗಾಜಲ್ಲ, ಪ್ಲಾಸ್ಟಿಕ್, ಬಿಸಿಲಿಗೆ ಹಳದಿಯಾಗುತ್ತದೆ. ಅದನ್ನು ಪಾಲಿಶ್ ಮಾಡಿಸುವುದು ಅಥವಾ ದೀಪದ ಸೆಟ್ಟನ್ನೇ ಬದಲಿಸುವುದು ಮೇಲು. ಮುಂಗಾಜನ್ನು ಒಳಮೈಯಿಂದಲೂ ಒರೆಸಿ. ಬೀಡಿ ಹೊಗೆಯ ಪೊರೆ ಅಲ್ಲಿ ಕೂತಿರುತ್ತದೆ. ತಂಬಾಕಿನ ಊರಿನ ಓದುಗರಿಗೆ ಹೇಳಲು ಸಂಕೋಚ, ಆದರೆ ಧೂಮಪಾನದಿಂದ ಕಣ್ಣಿನ ಪೊರೆಯೂ ಬೇಗ ಬರುತ್ತದೆ.

ಮಂಜಿನಲ್ಲಿ ಏನು ಮಾಡಬೇಕು?

ಚಳಿಗಾಲದ ನಸುಕಿನಲ್ಲಿ ವೇದಗಂಗಾ, ದೂಧಗಂಗಾ ನದಿಗಳ ಆಸುಪಾಸಿನ ಕಬ್ಬಿನ ಗದ್ದೆಗಳ ಮೇಲೆ ಮಂಜು ಕವಿದಾಗ ಅಪ್ಪರ್ ಹಾಕಿ ನೋಡಿದ್ದೀರಾ? ಮುಂದೆ ಬಿಳಿಯ ಗೋಡೆ ಎದ್ದು ನಿಲ್ಲುತ್ತದೆ. ಮಂಜಿನ ಪ್ರತಿ ಹನಿಯೂ ಬೆಳಕನ್ನು ಚದುರಿಸಿ ನಿಮ್ಮ ಕಣ್ಣಿಗೇ ಮರಳಿಸುತ್ತದೆ. ಬೆಳಕು ಹೆಚ್ಚಿಸಿದಷ್ಟೂ ಗೋಡೆ ದಟ್ಟವಾಗುತ್ತದೆ.

ಫಾಗ್ ಲೈಟಿನ ಗುಟ್ಟು ಬಣ್ಣದಲ್ಲಿಲ್ಲ, ಜಾಗದಲ್ಲಿದೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ಮಾತು ಬಹಳ ಹಳೆಯದು. ಫ್ರಾನ್ಸಿನಲ್ಲಂತೂ 1993ರವರೆಗೆ ಹೆಡ್‌ಲೈಟುಗಳೇ ಹಳದಿಯಾಗಿದ್ದವು. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಳಿಗಿಂತ ಎಷ್ಟೋ ಪಟ್ಟು ದೊಡ್ಡವು. ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ತೆರನಾಗಿ ಚದುರಿಸುತ್ತವೆ. ಹಳದಿ ಕೆಲವರ ಕಣ್ಣಿಗೆ ಹಿತವೆನಿಸಬಹುದು, ಅಷ್ಟೇ. ದೀಪ ಬಂಪರಿನಲ್ಲಿ ಕೆಳಗಿದ್ದು, ಬೆಳಕು ಅಗಲವಾಗಿ, ಮೇಲಂಚು ಗೆರೆ ಎಳೆದಂತೆ ಮಟ್ಟಸವಾಗಿ ಕತ್ತರಿಸಿರಬೇಕು. ಆಗ ಅದು ನಿಮ್ಮ ನೋಟಕ್ಕೆ ಅಡ್ಡಬರದೆ ರಸ್ತೆಯಂಚನ್ನು ತೋರಿಸುತ್ತದೆ. ಕ್ಯಾಬಿನ್ ಮೇಲೆ ಸಾಲಾಗಿ ಕೂರಿಸಿದ ದೀಪಗಳು ಮಂಜಿನಲ್ಲಿ ನಿಮ್ಮನ್ನೇ ಕುರುಡಾಗಿಸುತ್ತವೆ. ಹಾಕಿಸುವುದಾದರೆ ಪ್ರತ್ಯೇಕ ರಿಲೇ, ಫ್ಯೂಸ್ ಇಡಿಸಿ.

ಮಂಜು ಕರಗಿದ ಮೇಲೆ ಫಾಗ್ ಲೈಟ್ ಆರಿಸಲೇಬೇಕು. ಗಾಡಿಯ ಮುಂದಿನ ಹತ್ತು-ಹದಿನೈದು ಮೀಟರ್ ನೆಲ ಝಗಝಗಿಸಿದರೆ ಚಾಲಕನಿಗೆ ಧೈರ್ಯವೇನೋ ಬರುತ್ತದೆ. ಆದರೆ ಆ ಬೆಳಕಿಗೆ ಪಾಪೆ ಕುಗ್ಗಿ ದೂರದ ರಸ್ತೆ ಮತ್ತಷ್ಟು ಕಪ್ಪಾಗುತ್ತದೆ. 60ರ ವೇಗದಲ್ಲಿ ಹೇರು ತುಂಬಿದ ಗಾಡಿ ನಿಲ್ಲಲು ಒಣ ರಸ್ತೆಯಲ್ಲೂ ಸುಮಾರು 50 ಮೀಟರ್ ಬೇಕು. ಕಾಣಬೇಕಾದದ್ದು ಆ ದೂರ.

ಪಿಕಪ್ಪಿನ ಇನ್ನೊಂದು ತೊಂದರೆ ಹೇರಿನದು. ಹಿಂದೆ ಭಾರ ಬಿದ್ದಾಗ ಮೂತಿ ಮೇಲೇಳುತ್ತದೆ. ಮೂತಿ ಒಂದೇ ಡಿಗ್ರಿ ಎದ್ದರೂ 50 ಮೀಟರ್ ದೂರದಲ್ಲಿ ಬೆಳಕು ಸುಮಾರು 87 ಸೆಂಟಿಮೀಟರ್ ಮೇಲಕ್ಕೇರಿ ಎದುರಿನ ಕಾರಿನವನ ಕಣ್ಣಿನ ಮಟ್ಟ ಮುಟ್ಟುತ್ತದೆ. ನಿಮ್ಮ ದಿನನಿತ್ಯದ ಹೇರಿನೊಂದಿಗೇ ಗಾಡಿಯನ್ನು ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ದೀಪದ ನಡುಭಾಗದ ಎತ್ತರವನ್ನು ಗೋಡೆಯ ಮೇಲೆ ಗುರುತು ಹಾಕಿ. ಡಿಪ್ಪರಿನ ಮೇಲಂಚು ಆ ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಕೆಲವು ಗಾಡಿಗಳಲ್ಲಿ ಇದಕ್ಕೆಂದೇ ಸ್ಟೇರಿಂಗ್ ಬಳಿ ತಿರುಗಿಸುವ ಗುಂಡಿ ಇದೆ. ಅದನ್ನು ಮುಟ್ಟಿಯೇ ನೋಡದ ಚಾಲಕರು ಬಹಳ.

ಯಾರು ಕಣ್ಣು ತೋರಿಸಬೇಕು?

ನಲವತ್ತು ದಾಟಿ ರಾತ್ರಿ ಗಾಡಿ ಓಡಿಸುವವರೆಲ್ಲರೂ ತೋರಿಸಬೇಕು. ಎದುರಿನ ದೀಪದ ಸುತ್ತ ಬಳೆಯಂಥ ಪ್ರಭೆ ಕಂಡರೆ, ಒಂದು ದೀಪ ಎರಡಾಗಿ ಕಂಡರೆ, ಬಿಸಿಲಿನಲ್ಲೂ ಕಣ್ಣು ಕೋರೈಸಿದರೆ ತಡಮಾಡಬೇಡಿ. ಸಕ್ಕರೆ ಕಾಯಿಲೆ ಇದ್ದವರು, ದಮ್ಮಿಗೋ ಕೀಲುನೋವಿಗೋ ಬಹುಕಾಲ ಸ್ಟೀರಾಯ್ಡ್ ನುಂಗಿದವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿಯೇ ಪರೀಕ್ಷೆ ಮಾಡಿಸಿಕೊಳ್ಳಿ. ಹರೆಯದಲ್ಲೇ ಮುಸ್ಸಂಜೆ ಎಡವುವವರು, ಅಕ್ಕಪಕ್ಕದ ವಸ್ತುಗಳಿಗೆ ತಾಗುವವರು ಇದ್ದರೆ ಅದು ಅಕ್ಷಿಪಟಲದ ವಂಶಪಾರಂಪರ್ಯ ರೋಗವಿರಬಹುದು. ಸೋದರಸಂಬಂಧದಲ್ಲಿ ಮದುವೆಯಾಗುವ ಮನೆತನಗಳಲ್ಲಿ ಇದು ಹೆಚ್ಚು. ಅಂಥವರು ರಾತ್ರಿ ಸ್ಟೇರಿಂಗ್ ಹಿಡಿಯಲೇಬಾರದು.

ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗುರುಡಿಗೆ ಗಜ್ಜರಿ, ನುಗ್ಗೆಸೊಪ್ಪು, ಪಪ್ಪಾಯಿ, ಮೊಟ್ಟೆ ಒಳ್ಳೆಯವು. ಕೊರತೆ ಇಲ್ಲದವರು ಬುಟ್ಟಿಗಟ್ಟಲೆ ಗಜ್ಜರಿ ತಿಂದರೂ ರಾತ್ರಿಯ ನೋಟ ಹೆಚ್ಚುವುದಿಲ್ಲ. ಹೆದ್ದಾರಿ ಬದಿಯಲ್ಲಿ ಮಾರುವ ಹಳದಿ ಕನ್ನಡಕವೂ ಬೇಡ. ಅದು ಇರುವ ಬೆಳಕನ್ನೇ ಕಡಿಮೆ ಮಾಡುತ್ತದೆ. ಎದುರು ಗಾಡಿ ಬಂದಾಗ ವೇಗ ತಗ್ಗಿಸಿ, ಡಿಪ್ಪರ್ ಹಾಕಿ, ಅದರ ದೀಪ ನೋಡದೆ ನಿಮ್ಮ ಎಡಗಡೆಯ ರಸ್ತೆಯಂಚನ್ನು ನೋಡಿ. ಎದುರಿನವನು ಡಿಪ್ಪರ್ ಹಾಕಲಿಲ್ಲವೆಂದು ನೀವೂ ಹಟಕ್ಕೆ ಅಪ್ಪರ್ ಹಾಕಿದರೆ ರಸ್ತೆಯ ಮೇಲೆ ಇಬ್ಬರು ಕುರುಡರಾಗುತ್ತಾರೆ.

ಮೊದಲು ಹೇಳಿದ ಮಾಲೀಕರ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಒಳಗೆ ಮಸೂರ ಕೂರಿಸಿದ್ದಾಗಿದೆ, ಎಡಗಣ್ಣಿನದು ಬಾಕಿ ಇದೆ. ಹಳೆಯ ಬಲ್ಬುಗಳು ಗಾಡಿಗೆ ಮರಳಿವೆ. ಫಾಗ್ ಲೈಟ್ ಮಾತ್ರ ಇರಲಿ ಎಂದರು, ಒಪ್ಪಿದೆ. ಸದ್ಯ ನಸುಕಿನ ಗಾಡಿಯನ್ನು ಅವರ ಮಗ ಓಡಿಸುತ್ತಿದ್ದಾನೆ. ಅವನ ಕಣ್ಣನ್ನೂ ಕರೆಸಿ ನೋಡಿದೆ. ಸಣ್ಣ ಮೈನಸ್ ನಂಬರ್ ಇತ್ತು, ಕನ್ನಡಕ ಬರೆದುಕೊಟ್ಟಿದ್ದೇನೆ.